ಚೀಸ್ ಇಲ್ಲದೆ ಚೀಸಿನ ರುಚಿ: ನ್ಯೂಟ್ರಿಷನಲ್ ಯೀಸ್ಟ್ ಕೆಲಸ ಮಾಡುವುದು ಹೇಗೆ?

ಮೈಸೂರಿನ ನನ್ನ ಗೆಳತಿ ಹೋದ ತಿಂಗಳು ಫೋನ್ ಮಾಡಿದ್ದಳು. ಹಾಲು, ತುಪ್ಪ, ಚೀಸ್ ಎಲ್ಲ ಬಿಟ್ಟು ಆಗ ಮೂರು ವಾರವಾಗಿತ್ತು. ಮಗನಿಗೆ ಇಷ್ಟವಾದ ಪಾಸ್ತಾವನ್ನು ಚೀಸ್ ಹಾಕದೆ ಮಾಡಬೇಕು ಅಂತ ಒಂದು ವಿಧಾನ ಹುಡುಕಿಕೊಂಡಿದ್ದಳು. ಗೋಡಂಬಿ, ಬೆಳ್ಳುಳ್ಳಿ, ನಿಂಬೆರಸ, ಉಪ್ಪು, ಜೊತೆಗೆ ಕಾಲು ಕಪ್ ಯೀಸ್ಟ್. "ಅಂಗಡಿಯಲ್ಲಿ ಯೀಸ್ಟ್ ಕೇಳಿದೆ, ಕೊಟ್ರು ಕಣೇ. ರುಬ್ಬಿ ಇಟ್ಟೆ. ಅರ್ಧ ಗಂಟೆ ಬಿಟ್ಟು ನೋಡಿದ್ರೆ ನೊರೆ ನೊರೆ. ಬಾಯಿಗಿಟ್ರೆ ಕಹಿ. ಅಷ್ಟೂ ಗೋಡಂಬಿ ಹಾಳಾಯ್ತು" ಅಂದಳು.

ತಪ್ಪು ಅವಳದಲ್ಲ. ಅಂಗಡಿಯವರು ಕೊಟ್ಟಿದ್ದು ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟ್. ಆ ಅಡುಗೆಗೆ ಬೇಕಿದ್ದದ್ದು ನ್ಯೂಟ್ರಿಷನಲ್ ಯೀಸ್ಟ್. ಹೆಸರಿನಲ್ಲಿ ಒಂದೇ ಪದ ವ್ಯತ್ಯಾಸ, ಆದರೆ ಅಡುಗೆಮನೆಯಲ್ಲಿ ಎರಡೂ ಪೂರ್ತಿ ಬೇರೆ ಬೇರೆ ಸಾಮಾನು. ವಿಚಿತ್ರ ಅಂದರೆ ಎರಡೂ ಒಂದೇ ಜೀವಿ. ಸ್ಯಾಕರೋಮೈಸಿಸ್ ಸೆರವಿಸಿಯೆ ಅನ್ನುವ, ಕಣ್ಣಿಗೆ ಕಾಣದ ಒಂದು ಶಿಲೀಂಧ್ರ. ಬೇಕರಿ ಯೀಸ್ಟಿನಲ್ಲಿ ಅದು ಜೀವಂತ ಇರುತ್ತದೆ, ಒಣಗಿ ಮಲಗಿರುತ್ತದೆ ಅಷ್ಟೆ. ಬೆಚ್ಚಗಿನ ನೀರು, ಸ್ವಲ್ಪ ಸಕ್ಕರೆ ಸಿಕ್ಕರೆ ಎದ್ದು ಕೆಲಸ ಶುರು ಮಾಡುತ್ತದೆ. ನ್ಯೂಟ್ರಿಷನಲ್ ಯೀಸ್ಟಿನಲ್ಲಿ ಅದನ್ನು ಬಿಸಿ ಮಾಡಿ ಮೊದಲೇ ಕೊಂದಿರುತ್ತಾರೆ. ಅದರಿಂದ ಹಿಟ್ಟು ಉಬ್ಬುವುದಿಲ್ಲ, ನೊರೆ ಬರುವುದಿಲ್ಲ. ಅದು ಇರುವುದು ರುಚಿಗೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೇಕರಿ ಯೀಸ್ಟನ್ನು ಬೇಯಿಸದೆ ಚಮಚಗಟ್ಟಲೆ ತಿನ್ನಬೇಡಿ. ಹೊಟ್ಟೆಯೊಳಗೂ ಅದು ಹುದುಗಿ ಗ್ಯಾಸ್ ಮಾಡುತ್ತದೆ, ಹೊಟ್ಟೆ ಉಬ್ಬರಿಸುತ್ತದೆ.

ಕಳ್ಳಿನಲ್ಲಿರುವುದೂ ಇದೇ

ಯೀಸ್ಟ್ ಅಂದರೆ ಹೊರಗಿನಿಂದ ಬಂದ ವಸ್ತು ಅಂತ ನಮಗೆ ಅನ್ನಿಸುತ್ತದೆ, ಅಲ್ವಾ? ಆದರೆ ಮಂಗಳೂರಿನ ಕಡೆ ಅಕ್ಕಿ ಹಿಟ್ಟಿಗೆ ಕಳ್ಳು ಹಾಕಿ ಉಬ್ಬಿಸಿ ಇಡ್ಲಿಯಂಥ 'ಸಣ್ಣ'ಗಳನ್ನು ಮಾಡುತ್ತಾರೆ. ಹಬ್ಬದ ದಿನ ಅವು ಹತ್ತಿಯ ಹಾಗೆ ಮೆತ್ತಗೆ ಬರುತ್ತವೆ. ಆ ಹಿಟ್ಟನ್ನು ಉಬ್ಬಿಸುವುದು ಕಳ್ಳಿನಲ್ಲಿರುವ ಯೀಸ್ಟ್. ಮರದಿಂದ ಇಳಿಸಿದ ಸಿಹಿ ರಸ ಕೆಲವೇ ಗಂಟೆಗಳಲ್ಲಿ ಹುದುಗಿ ನೊರೆ ಬರುವುದಕ್ಕೂ ಅದೇ ಕಾರಣ. ಯಾರೂ ಹಾಕದಿದ್ದರೂ ಗಾಳಿಯಿಂದ, ಮಡಕೆಯಿಂದ ಅದು ಬಂದು ಸೇರಿಕೊಳ್ಳುತ್ತದೆ.

ಯೀಸ್ಟಿಗೆ ಸಕ್ಕರೆ ಇದ್ದು ಗಾಳಿ ಸಿಗದಿದ್ದರೆ ಅದು ಆಲ್ಕೋಹಾಲ್ ಮಾಡುತ್ತದೆ. ಗಾಳಿ ಚೆನ್ನಾಗಿ ಕೊಟ್ಟು, ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಉಣಿಸಿದರೆ ಆಲ್ಕೋಹಾಲ್ ಮಾಡುವುದು ಬಿಟ್ಟು ತಾನೇ ಬೆಳೆಯುತ್ತದೆ, ಒಂದು ಎರಡಾಗಿ, ಎರಡು ನಾಲ್ಕಾಗಿ. ನ್ಯೂಟ್ರಿಷನಲ್ ಯೀಸ್ಟ್ ತಯಾರಿಸುವ ಕಾರ್ಖಾನೆಗಳು ಮಾಡುವುದು ಇದನ್ನೇ. ದೊಡ್ಡ ತೊಟ್ಟಿಗಳಲ್ಲಿ ಕಬ್ಬಿನ ಅಥವಾ ಬೀಟಿನ ಕಾಕಂಬಿ ಹಾಕಿ, ಕೆಳಗಿನಿಂದ ಗಾಳಿ ಊದುತ್ತಾ ಯೀಸ್ಟನ್ನು ಬೆಳೆಸುತ್ತಾರೆ. ಬೆಳೆದದ್ದನ್ನು ಸೋಸಿ ತೊಳೆಯುತ್ತಾರೆ. ಬಿಸಿ ಮಾಡಿ ಕೊಲ್ಲುತ್ತಾರೆ. ಆಮೇಲೆ ಕಾದ ಉರುಳೆಯ ಮೇಲೆ ತೆಳ್ಳಗೆ ಹರಡಿ, ಒಣಗಿದ ಪದರವನ್ನು ಕೆರೆದು ತೆಗೆಯುತ್ತಾರೆ. ಡಬ್ಬಿಯಲ್ಲಿ ನಮಗೆ ಸಿಗುವ ಹಳದಿ ಚಕ್ಕೆಗಳು ಆ ಕೆರೆದ ಪದರದ ಚೂರುಗಳು. ಪ್ರಾಣಿಯಿಂದ ಬಂದದ್ದು ಇದರಲ್ಲಿ ಏನೂ ಇಲ್ಲ. ಯೀಸ್ಟ್ ಪ್ರಾಣಿಯಲ್ಲ, ಅಣಬೆಯ ದೂರದ ನೆಂಟ.

ಬ್ರೂವರ್ಸ್ ಯೀಸ್ಟ್ ಅಂತ ಇನ್ನೊಂದು ಸಿಗುತ್ತದೆ. ಬಿಯರ್ ಮಾಡಿ ಉಳಿದದ್ದನ್ನು ಒಣಗಿಸಿದ್ದು. ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕಹಿ ಅದಕ್ಕೆ ಅಂಟಿಕೊಂಡಿರುತ್ತದೆ. ಅಡುಗೆಗೆ ಅದು ಬೇಡ.

ಚೀಸಿನ ರುಚಿ ಎಲ್ಲಿಂದ ಬಂತು?

ಹಾಲಿಗೂ ಯೀಸ್ಟಿಗೂ ಸಂಬಂಧವೇ ಇಲ್ಲ. ಹಾಗಿದ್ದ ಮೇಲೆ ಇದು ಚೀಸಿನ ಹಾಗೆ ಹೇಗೆ ರುಚಿಸುತ್ತದೆ? ಇಡೀ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಇದಕ್ಕೆ ಉತ್ತರ ಗೊತ್ತಾದರೆ ಯೀಸ್ಟನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಕಿಕುನೆ ಇಕೆಡಾ, ಜಪಾನಿನವರು ದಿನವೂ ಮಾಡುವ ಕಡಲಪಾಚಿಯ ತಿಳಿಸಾರನ್ನು ಪರೀಕ್ಷೆ ಮಾಡುತ್ತಿದ್ದರು. ಸಿಹಿ, ಹುಳಿ, ಉಪ್ಪು, ಕಹಿ ಯಾವುದೂ ಅಲ್ಲದ ಒಂದು ರುಚಿ ಅದರಲ್ಲಿತ್ತು. ಅದು ಗ್ಲುಟಮೇಟ್ ಅನ್ನುವ ವಸ್ತುವಿನಿಂದ ಬರುತ್ತದೆ ಅಂತ ಅವರು ಕಂಡುಹಿಡಿದರು. ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಕನ್ನಡದಲ್ಲಿ ಇದಕ್ಕೆ ಒಂದೇ ಪದ ಇಲ್ಲ. ಬಾಯಿ ತುಂಬ ಹರಡಿ, ನುಂಗಿದ ಮೇಲೂ ನಾಲಿಗೆಯ ಮೇಲೆ ಉಳಿಯುವ ರುಚಿ ಅನ್ನಬಹುದು. ಚೆನ್ನಾಗಿ ಹಣ್ಣಾದ ಟೊಮೆಟೊವನ್ನು ನಿಧಾನವಾಗಿ ಬಾಡಿಸಿದಾಗ ಬರುತ್ತದಲ್ಲ, ಅದು.

ಗ್ಲುಟಮೇಟ್ ಎಲ್ಲ ಪ್ರೋಟೀನಿನಲ್ಲೂ ಇರುತ್ತದೆ. ಆದರೆ ಪ್ರೋಟೀನಿನ ಸರದಲ್ಲಿ ಮಣಿಯಾಗಿ ಪೋಣಿಸಿಕೊಂಡಿರುವಾಗ ಅದಕ್ಕೆ ರುಚಿ ಇಲ್ಲ. ಸರ ಹರಿದು ಮಣಿ ಬಿಡಿಯಾದಾಗ ಮಾತ್ರ ನಾಲಿಗೆ ಅದನ್ನು ಗುರುತಿಸುತ್ತದೆ. ಹಸಿ ಹಾಲಿನಲ್ಲಿ ಬಿಡಿ ಗ್ಲುಟಮೇಟ್ ಕಡಿಮೆ. ಆ ಹಾಲು ಚೀಸಾಗಿ ತಿಂಗಳುಗಟ್ಟಲೆ ಮಾಗುವಾಗ ಪ್ರೋಟೀನ್ ಮುರಿದು ಗ್ಲುಟಮೇಟ್ ಬಿಡಿಯಾಗುತ್ತಾ ಹೋಗುತ್ತದೆ. ಇಟಲಿಯ ಪಾರ್ಮೆಜಾನ್ ಚೀಸನ್ನು ಕನಿಷ್ಠ 12 ತಿಂಗಳು ಮಾಗಿಸುತ್ತಾರೆ, ಅದಕ್ಕೇ ಅದರ ರುಚಿ ಅಷ್ಟು ಗಾಢ. ಯೀಸ್ಟಿನ ಜೀವಕೋಶದೊಳಗೆ ಬಿಡಿ ಗ್ಲುಟಮೇಟ್ ಸಹಜವಾಗಿಯೇ ಧಾರಾಳ ಇರುತ್ತದೆ. ಬಿಸಿ ಮಾಡಿ ಒಣಗಿಸುವಾಗ ಹುರಿದ ಕಾಳಿನಂಥ ಒಂದು ಪರಿಮಳವೂ ಸೇರಿಕೊಳ್ಳುತ್ತದೆ. ಎರಡೂ ಸೇರಿ ಮಾಗಿದ ಚೀಸನ್ನು ನೆನಪಿಸುತ್ತವೆ.

ಅಂದರೆ ನ್ಯೂಟ್ರಿಷನಲ್ ಯೀಸ್ಟ್ ಕೊಡುವುದು ಹಾಲಿನ ರುಚಿಯನ್ನಲ್ಲ, ಹಾಲು ಮಾಗಿದಾಗ ಹುಟ್ಟುವ ರುಚಿಯನ್ನು. ಹೊಸದಾಗಿ ವೀಗನ್ ಆದವರು (ಮಾಂಸವಷ್ಟೇ ಅಲ್ಲ, ಹಾಲು ಮೊಸರನ್ನೂ ಬಿಟ್ಟವರು) ಎಡವುವುದು ಇಲ್ಲೇ ಅಂತ ನನಗನ್ನಿಸುತ್ತದೆ. ಪನೀರಿನ ಬದಲಿಗೆ, ಮೊಸರಿನ ಬದಲಿಗೆ, ಪಾಯಸದ ಹಾಲಿನ ಬದಲಿಗೆ ಇದನ್ನು ಹಾಕಿ ನಿರಾಶರಾಗುತ್ತಾರೆ. ಅವೆಲ್ಲ ತಾಜಾ ಹಾಲಿನ ರುಚಿಗಳು. ಅಲ್ಲಿ ತೆಂಗಿನ ಹಾಲು, ಗೋಡಂಬಿ ಹಾಲು, ಶೇಂಗಾ ಮೊಸರು ಬೇಕು. ಯೀಸ್ಟಿಗೆ ಅಲ್ಲಿ ಕೆಲಸ ಇಲ್ಲ. ನಮ್ಮ ಹಳೆಯ ಅಡುಗೆಯಲ್ಲಿ ಮಾಗಿದ ಚೀಸ್ ಇರಲೇ ಇಲ್ಲ. ಹಾಗಾಗಿ ನಮ್ಮ ಅಡುಗೆಗೆ ಇದು ಅನಿವಾರ್ಯವೂ ಅಲ್ಲ. ಪಾಸ್ತಾ, ಪಿಜ್ಜಾ, ವೈಟ್ ಸಾಸ್, ಸ್ಯಾಂಡ್‌ವಿಚ್ ಮನೆಗೆ ಬಂದ ಮೇಲೆ ಬೇಕಾದ ವಸ್ತು ಇದು.

ಅಮೆರಿಕದಲ್ಲಿ ಇದನ್ನು ಅಡುಗೆಮನೆಗೆ ತಂದವರಲ್ಲಿ ಟೆನೆಸ್ಸಿ ರಾಜ್ಯದ ಸಮ್ಮರ್‌ಟೌನ್ ಹತ್ತಿರದ 'ದ ಫಾರ್ಮ್' ಅನ್ನುವ ಸಮುದಾಯದವರು ಮುಖ್ಯರು. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬಸ್ಸುಗಳಲ್ಲಿ ಬಂದು ಅಲ್ಲಿ ನೆಲೆ ನಿಂತ ಜನ ಅವರು. ಮಾಂಸ, ಹಾಲು ಎರಡೂ ಬಿಟ್ಟು ಸೋಯಾ ಬೆಳೆದು ತಿನ್ನುತ್ತಿದ್ದರು. ಹಾಗೆ ಬದುಕುವಾಗ ಸಾಸಿಗೆ, ಪಾಪ್‌ಕಾರ್ನಿಗೆ ರುಚಿ ಕೊಡಲು ಈ ಹಳದಿ ಚಕ್ಕೆ ಅವರಿಗೆ ಸಿಕ್ಕಿತು. ಈಗ ಅಲ್ಲಿನ ವೀಗನ್ ಜನ ಇದನ್ನು ಪ್ರೀತಿಯಿಂದ 'ನೂಚ್' ಅಂತ ಕರೆಯುತ್ತಾರೆ.

ಒಂಟಿಯಾಗಿ ಹಾಕಿದರೆ ಸಾಲದು

ಡಬ್ಬಿಯಿಂದ ಒಂದು ಚಿಟಿಕೆ ಸುಮ್ನೆ ಬಾಯಿಗೆ ಹಾಕಿಕೊಂಡು ನೋಡಿ. ಇದೇನು ಚೀಸ್ ಅನ್ನಿಸುವುದಿಲ್ಲ. ಒಣ ಪುಡಿ, ಸ್ವಲ್ಪ ಮಾಲ್ಟಿನ ವಾಸನೆ, ಅಷ್ಟೆ. ಯಾಕೆಂದರೆ ಚೀಸಿನ ರುಚಿ ಉಮಾಮಿ ಒಂದರಿಂದ ಆದದ್ದಲ್ಲ. ಅದರಲ್ಲಿ ಜಿಡ್ಡು ಇದೆ, ಹುಳಿ ಇದೆ, ಉಪ್ಪು ಇದೆ, ಮೂಗಿಗೆ ಹೊಡೆಯುವ ಒಂದು ಘಾಟು ಇದೆ. ಯೀಸ್ಟಿನಲ್ಲಿ ಜಿಡ್ಡು ತೀರಾ ಕಡಿಮೆ, ಉಪ್ಪು ಇಲ್ಲವೇ ಇಲ್ಲ ಅನ್ನಬಹುದು, ಹುಳಿಯೂ ಇಲ್ಲ. ಅವನ್ನೆಲ್ಲ ನಾವು ಜೊತೆಗೆ ಸೇರಿಸಬೇಕು. ಜಿಡ್ಡಿಗೆ ಗೋಡಂಬಿ, ಹುಳಿಗೆ ನಿಂಬೆರಸ, ಘಾಟಿಗೆ ಬೆಳ್ಳುಳ್ಳಿ. ಗೆಳತಿ ನೋಡಿದ ವಿಧಾನದಲ್ಲಿ ಇವೆಲ್ಲ ಇದ್ದದ್ದು ಈ ಕಾರಣಕ್ಕೇ. ಒಂದನ್ನು ಬಿಟ್ಟರೂ ಏನೋ ಕಮ್ಮಿ ಆಗಿದೆ ಅನ್ನಿಸುತ್ತದೆ. ಹೆಚ್ಚಿನವರು ಮರೆಯುವುದು ಹುಳಿಯನ್ನು.

ನಾನು ಮಾಡುವ ಸಾಸ್ ಹೀಗೆ. ಅರ್ಧ ಕಪ್ ಗೋಡಂಬಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ನೀರು ಬಸಿಯುತ್ತೇನೆ. ಮುಕ್ಕಾಲು ಕಪ್ ನೀರು, ಮೂರು ದೊಡ್ಡ ಚಮಚ ನ್ಯೂಟ್ರಿಷನಲ್ ಯೀಸ್ಟ್, ಒಂದು ದೊಡ್ಡ ಚಮಚ ನಿಂಬೆರಸ, ಒಂದು ಸಣ್ಣ ಎಸಳು ಬೆಳ್ಳುಳ್ಳಿ, ಅರ್ಧ ಚಿಕ್ಕ ಚಮಚ ಉಪ್ಪು ಹಾಕಿ, ಬೆರಳಿಗೆ ತರಿ ಸಿಗದ ಹಾಗೆ ನುಣ್ಣಗೆ ರುಬ್ಬುತ್ತೇನೆ. ಬಾಣಲೆಗೆ ಸುರಿದು ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇದ್ದರೆ ಮೂರು ನಾಲ್ಕು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಗೋಡಂಬಿಯ ಪಿಷ್ಟವೇ ಅದನ್ನು ಗಟ್ಟಿ ಮಾಡುತ್ತದೆ, ಮೈದಾ ಬೇಡ. ಬೆಂದ ಪಾಸ್ತಾಕ್ಕೆ ಕಲಸಬಹುದು, ಬೇಯಿಸಿದ ಹೂಕೋಸಿನ ಮೇಲೆ ಸುರಿಯಬಹುದು. ನಮ್ಮಲ್ಲಿ ದೋಸೆಯ ಮೇಲೆ ಹಚ್ಚಿ, ಈರುಳ್ಳಿ ಹಸಿಮೆಣಸು ಉದುರಿಸಿ ಮಡಚುತ್ತೇವೆ. ಮಕ್ಕಳು ಕೇಳಿ ತಿನ್ನುತ್ತಾರೆ.

ಇನ್ನೂ ಸುಲಭದ್ದು ಒಂದಿದೆ, ಪುಡಿ. ಮುಕ್ಕಾಲು ಕಪ್ ಹಸಿ ಗೋಡಂಬಿ, ಮೂರು ದೊಡ್ಡ ಚಮಚ ಯೀಸ್ಟ್, ಮುಕ್ಕಾಲು ಚಿಕ್ಕ ಚಮಚ ಉಪ್ಪು, ಒಂದಿಷ್ಟು ಒಣ ಬೆಳ್ಳುಳ್ಳಿ ಪುಡಿ. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮ ತಿರುಗಿಸಿದರೆ ಗೋಡಂಬಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ತುರಿದ ಪಾರ್ಮೆಜಾನ್ ಹಾಕುವ ಕಡೆಯೆಲ್ಲ ಇದನ್ನು ಉದುರಿಸಬಹುದು. ಫ್ರಿಜ್ಜಿನಲ್ಲಿ ಎರಡು ಮೂರು ವಾರ ಇಡುತ್ತೇನೆ.

ಅಣಬೆಯ ಜೊತೆ ಯೀಸ್ಟ್ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಮೊದಲ ಸಲ ಮಾಡಿದಾಗ ನಾನು ಉಪ್ಪು ಜಾಸ್ತಿ ಬಿದ್ದಿದೆಯೇನೋ ಅಂದುಕೊಂಡೆ. ಉಪ್ಪಲ್ಲ, ಉಮಾಮಿ. ಇದಕ್ಕೂ ಕಾರಣ ಇದೆ. ಅಕಿರಾ ಕುನಿನಾಕಾ ಅನ್ನುವ ಜಪಾನಿನ ವಿಜ್ಞಾನಿ 1950ರ ದಶಕದ ಕೊನೆಯಲ್ಲಿ ಗ್ವಾನಿಲೇಟ್ ಅನ್ನುವ ವಸ್ತುವಿನ ಬಗ್ಗೆ ಕೆಲಸ ಮಾಡಿದರು. ಒಣಗಿಸಿದ ಶಿಟಾಕೆ ಅಣಬೆಯಲ್ಲಿ ಅದು ಹೇರಳ. ಗ್ವಾನಿಲೇಟ್ ಮತ್ತು ಗ್ಲುಟಮೇಟ್ ಒಟ್ಟಿಗೆ ನಾಲಿಗೆಗೆ ತಾಗಿದರೆ ರುಚಿ ಬರೀ ಎರಡನ್ನೂ ಕೂಡಿದಷ್ಟಾಗುವುದಿಲ್ಲ, ಎಷ್ಟೋ ಪಟ್ಟು ಹೆಚ್ಚುತ್ತದೆ. ಆದ್ದರಿಂದ ಅಣಬೆ ಹಾಕಿದ ಸಾಸಿನಲ್ಲಿ ಯೀಸ್ಟ್ ಅರ್ಧ ಹಾಕಿದರೂ ಸಾಕು. ದುಬಾರಿ ಡಬ್ಬಿ ಜಾಸ್ತಿ ದಿನ ಬರುತ್ತದೆ.

ತೋಫು ಪುಡಿ ಮಾಡಿ ಈರುಳ್ಳಿ, ಅರಿಶಿನ, ಕಾಳುಮೆಣಸು ಹಾಕಿ ಹುರಿಯುವವರು ಕೊನೆಗೆ ಒಂದೆರಡು ಚಮಚ ಯೀಸ್ಟ್ ಸೇರಿಸಿ ನೋಡಿ. ತೋಫುವಿನ ಸಪ್ಪೆತನ ಹೋಗುತ್ತದೆ. ಬೇಯಿಸಿ ಹಿಸುಕಿದ ಆಲೂಗಡ್ಡೆಗೂ ಸೊಗಸು.

ಎಲ್ಲಿ ಬೇಡ? ಸಾರು, ಹುಳಿ, ಗೊಜ್ಜು. ಹುಣಸೆಹಣ್ಣು, ಇಂಗು, ಮೆಂತ್ಯ, ಒಣಮೆಣಸಿನಕಾಯಿಯ ಮುಂದೆ ಯೀಸ್ಟಿನ ದನಿ ಕೇಳಿಸುವುದೇ ಇಲ್ಲ. ಟೊಮೆಟೊ ಸಾರಿನಲ್ಲಂತೂ ಟೊಮೆಟೊ ತಾನೇ ಬೇಕಾದಷ್ಟು ಉಮಾಮಿ ಕೊಟ್ಟಿರುತ್ತದೆ. ಚಟ್ನಿಪುಡಿಗೂ ಹಾಕಿ ನೋಡಿದ್ದೇನೆ. ಏನೂ ಸಿಗಲಿಲ್ಲ.

ಬಿಸಿಯ ವಿಷಯ ಒಂದು ಗಮನದಲ್ಲಿರಲಿ. ಒಣ ಬಾಣಲೆಯಲ್ಲಿ ಹುರಿದರೆ ಯೀಸ್ಟ್ ಬೇಗ ಸೀದು ಕಹಿಯಾಗುತ್ತದೆ. ಒಗ್ಗರಣೆಗೆ ಯಾವತ್ತೂ ಹಾಕಬೇಡಿ. ಅಡುಗೆ ಇಳಿಸುವ ಹೊತ್ತಿಗೆ ಹಾಕಿದರೆ ಪರಿಮಳವೂ ಉಳಿಯುತ್ತದೆ, ಬಿಸಿ ತಾಳದ ಬಿ1, ಫೋಲೇಟ್‌ನಂಥ ವಿಟಮಿನ್‌ಗಳೂ ಹೆಚ್ಚು ಉಳಿಯುತ್ತವೆ. ಅಳತೆ ಮೀರಿದರೂ ಕಹಿಯೇ. ಮೊದಲ ಸಲ ಒಬ್ಬರಿಗೆ ಒಂದು ದೊಡ್ಡ ಚಮಚದಿಂದ ಶುರು ಮಾಡಿ.

ಬಿ12: ಇಲ್ಲಿ ಮೈಮರೆಯಬಾರದು

ಹೆಸರಲ್ಲೇ 'ನ್ಯೂಟ್ರಿಷನಲ್' ಅಂತ ಇದೆ, ಪೋಷಣೆ ಇಲ್ಲವೇ? ಇದೆ. ತೂಕದಲ್ಲಿ ಸುಮಾರು ಅರ್ಧದಷ್ಟು ಪ್ರೋಟೀನ್. ಅದೂ ದೇಹಕ್ಕೆ ಹೊರಗಿನಿಂದಲೇ ಬೇಕಾದ ಒಂಬತ್ತು ಅಮೈನೋ ಆಮ್ಲಗಳೂ ಇರುವ ಪ್ರೋಟೀನ್. 10 ಗ್ರಾಂ ಹಾಕಿದರೆ 5 ಗ್ರಾಂನಷ್ಟು ಸಿಗುತ್ತದೆ. ಬಿ ಗುಂಪಿನ ಹಲವು ವಿಟಮಿನ್‌ಗಳೂ ಇವೆ. ಆದರೆ ವೀಗನ್ ಆದವರಿಗೆ ಎಲ್ಲಕ್ಕಿಂತ ಮುಖ್ಯವಾದ ಬಿ12 ಇದರಲ್ಲಿ ಸಹಜವಾಗಿ ಇಲ್ಲ. ಈ ಮಾತನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಇದನ್ನು ತಪ್ಪು ತಿಳಿದುಕೊಂಡು ಆರೋಗ್ಯ ಕೆಡಿಸಿಕೊಳ್ಳುವುದು ಬೇಡ.

ಇದನ್ನು ಅರ್ಥ ಮಾಡಿಕೊಳ್ಳಲು ಮುಂಬೈಯ ಒಂದು ಕಥೆ ಸಹಾಯ ಮಾಡುತ್ತದೆ. ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ವೈದ್ಯೆ 1928ರಲ್ಲಿ ಭಾರತಕ್ಕೆ ಬಂದರು. ಆಗಿನ ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರಲ್ಲಿ ತೀವ್ರ ರಕ್ತಹೀನತೆ ಇತ್ತು. ಅದು ಯಾಕೆ ಅಂತ ಹುಡುಕುವುದು ಅವರ ಕೆಲಸ. ಅವರಿಗೆ ಸಿಕ್ಕ ಮದ್ದು ಮಾರ್ಮೈಟ್. ಇಂಗ್ಲೆಂಡಿನ ಬರ್ಟನ್ ಅಪಾನ್ ಟ್ರೆಂಟ್ ಊರಿನಲ್ಲಿ 1902ರಿಂದ ಬಿಯರ್ ಯೀಸ್ಟಿನಿಂದ ತಯಾರಿಸುತ್ತಿದ್ದ ಕಪ್ಪನೆಯ, ಬ್ರೆಡ್ಡಿಗೆ ಹಚ್ಚುವ ಅಗ್ಗದ ಲೇಹ್ಯ. ಅದನ್ನು ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಇದನ್ನು ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ಗುಟ್ಟಿನ ವಸ್ತುವಿಗೆ ಕೆಲವು ವರ್ಷ 'ವಿಲ್ಸ್ ಫ್ಯಾಕ್ಟರ್' ಅಂತಲೇ ಹೆಸರಿತ್ತು. ಅದು ಫೋಲೇಟ್ ಅಂತ ಆಮೇಲೆ ಗೊತ್ತಾಯಿತು. ಇವತ್ತು ನಮ್ಮಲ್ಲಿ ಗರ್ಭಿಣಿಯರಿಗೆ ಕಬ್ಬಿಣದ ಜೊತೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯ ಬೇರು ಅಲ್ಲಿದೆ.

ಅಂದರೆ ಯೀಸ್ಟ್ ಒಂದು ಬಗೆಯ ರಕ್ತಹೀನತೆಯನ್ನು ನಿಜಕ್ಕೂ ವಾಸಿ ಮಾಡಿತು. ಆದರೆ ಬಿ12 ಕೊರತೆಯಿಂದ ಬರುವ ರಕ್ತಹೀನತೆ ಬೇರೆ. ರಕ್ತ ಪರೀಕ್ಷೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಎರಡರಲ್ಲೂ ಕೆಂಪು ರಕ್ತಕಣ ದೊಡ್ಡದಾಗುತ್ತದೆ. ಬಿ12 ಕೊರತೆ ಇರುವವರು ಫೋಲೇಟ್ ಮಾತ್ರ ಜಾಸ್ತಿ ತೆಗೆದುಕೊಂಡರೆ ರಕ್ತ ಸರಿಯಾದ ಹಾಗೆ ಕಾಣಬಹುದು, ಒಳಗೆ ನರಗಳಿಗೆ ಆಗುವ ಹಾನಿ ಮಾತ್ರ ಮುಂದುವರಿಯುತ್ತದೆ. ಕೈಕಾಲು ಜೋಮು ಹಿಡಿಯುವುದು, ನಡೆಯುವಾಗ ಸಮತೋಲ ತಪ್ಪುವುದು, ಮರೆವು ಹೀಗೆ ಶುರುವಾಗಿ, ತಡವಾದರೆ ಪೂರ್ತಿ ಸರಿಹೋಗದೆಯೂ ಇರಬಹುದು.

ಬಿ12 ಅನ್ನು ಗಿಡ ತಯಾರಿಸುವುದಿಲ್ಲ, ಪ್ರಾಣಿ ತಯಾರಿಸುವುದಿಲ್ಲ, ಯೀಸ್ಟೂ ತಯಾರಿಸುವುದಿಲ್ಲ. ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾತ್ರ ತಯಾರಿಸುತ್ತವೆ. ಹಸುವಿನ ಹೊಟ್ಟೆಯ ಬ್ಯಾಕ್ಟೀರಿಯಾ ಮಾಡಿದ ಬಿ12 ಹಾಲಿಗೆ ಬರುತ್ತದೆ. ಹಾಲು ಮೊಸರು ತಿನ್ನುವ ಸಸ್ಯಾಹಾರಿಗಳಲ್ಲೂ ನಮ್ಮ ದೇಶದಲ್ಲಿ ಈ ಕೊರತೆ ಸಾಮಾನ್ಯ. ಅದನ್ನೂ ಬಿಟ್ಟವರು ಇನ್ನೂ ಎಚ್ಚರ ಇರಬೇಕು.

ಕೆಲವು ಡಬ್ಬಿಗಳಲ್ಲಿ ಬಿ12 ಇದೆ ಅಂತ ಬರೆದಿರುತ್ತದೆ, ಅದೂ ಸುಳ್ಳಲ್ಲ. ಬ್ಯಾಕ್ಟೀರಿಯಾದಿಂದ ಪ್ರತ್ಯೇಕವಾಗಿ ತಯಾರಿಸಿದ ಬಿ12 ಅನ್ನು ಆಮೇಲೆ ಬೆರೆಸಿರುತ್ತಾರೆ. ಅಂಥದ್ದಕ್ಕೆ ಫೋರ್ಟಿಫೈಡ್ ಅನ್ನುತ್ತಾರೆ. ಬೆರೆಸದೆ ಮಾರುವುದೂ ಇದೆ, ಅದು ಅನ್‌ಫೋರ್ಟಿಫೈಡ್. ಡಬ್ಬಿ ತಿರುಗಿಸಿ ಪದಾರ್ಥಗಳ ಪಟ್ಟಿಯಲ್ಲಿ ಬಿ12 ಅಥವಾ ಸೈಯನೋಕೊಬಾಲಮಿನ್ ಅನ್ನುವ ಪದ ಹುಡುಕಿ. ಇಲ್ಲದಿದ್ದರೆ ಅದರಲ್ಲಿ ಬಿ12 ಇಲ್ಲ. ಇದ್ದರೆ ಎಷ್ಟು ಚಮಚಕ್ಕೆ ಎಷ್ಟು ಮೈಕ್ರೋಗ್ರಾಂ ಅಂತ ನೋಡಿ. ಅಮೆರಿಕದ ಲೆಕ್ಕದಲ್ಲಿ ವಯಸ್ಕರಿಗೆ ದಿನಕ್ಕೆ 2.4 ಮೈಕ್ರೋಗ್ರಾಂ ಬೇಕು. ಒಂದು ಹೊತ್ತಿಗೆ ದೇಹ ಚೆನ್ನಾಗಿ ಹೀರಿಕೊಳ್ಳುವುದು ಹೆಚ್ಚುಕಮ್ಮಿ 1.5ರಿಂದ 2 ಮೈಕ್ರೋಗ್ರಾಂ ಮಾತ್ರ, ಉಳಿದದ್ದರಲ್ಲಿ ತುಂಬ ಸಣ್ಣ ಪಾಲು ಒಳಗೆ ಹೋಗುತ್ತದೆ. ವಾರಕ್ಕೊಮ್ಮೆ ಪಾಸ್ತಾ ಮಾಡಿ ನಾಲ್ಕು ಚಮಚ ಸುರಿದುಕೊಂಡರೆ ವಾರದ ಲೆಕ್ಕ ಮುಗಿಯುವುದಿಲ್ಲ. ನಾನು ಯೀಸ್ಟನ್ನು ರುಚಿಗೆ ಅಂತ ತಿನ್ನುತ್ತೇನೆ, ಬಿ12ಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತೇನೆ. ನೀವೂ ನಿಮ್ಮ ವೈದ್ಯರ ಹತ್ತಿರ ಕೇಳಿ.

ಫೋರ್ಟಿಫೈಡ್ ಯೀಸ್ಟ್ ತಿಂದ ಮೇಲೆ ಮೂತ್ರ ಗಾಢ ಹಳದಿಯಾದರೆ ಗಾಬರಿ ಬೇಡ, ಅದು ಹೆಚ್ಚಾದ ಬಿ2. ಎಂಎಒಐ ಅನ್ನುವ ಗುಂಪಿನ ಖಿನ್ನತೆಯ ಔಷಧಿ ತೆಗೆದುಕೊಳ್ಳುವವರು, ಯೂರಿಕ್ ಆಮ್ಲ ಹೆಚ್ಚಾಗಿ ಗೌಟ್ ಅನ್ನುವ ಕೀಲುನೋವು ಇರುವವರು ವೈದ್ಯರನ್ನು ಕೇಳದೆ ಯೀಸ್ಟ್ ತಿನ್ನಬಾರದು.

ನಮ್ಮಲ್ಲಿ ಇದು ಕಿರಾಣಿ ಅಂಗಡಿಯಲ್ಲಿ ಸಿಗುವುದು ಅಪರೂಪ. ಆನ್‌ಲೈನಿನಲ್ಲಿ, ದೊಡ್ಡ ಊರುಗಳ ಆರೋಗ್ಯ ಆಹಾರದ ಅಂಗಡಿಗಳಲ್ಲಿ ಸಿಗುತ್ತದೆ. ಬೆಲೆ ಜಾಸ್ತಿಯೇ, ಮೊದಲು ಚಿಕ್ಕ ಪೊಟ್ಟಣ ತನ್ನಿ. ಬೆಳಕು ಬಿದ್ದರೆ ಬಿ2 ಹಾಳಾಗುತ್ತದೆ, ತೇವ ತಾಗಿದರೆ ಗಂಟು ಕಟ್ಟುತ್ತದೆ. ಗಾಜಿನ ಬಾಟಲಿಯಲ್ಲಿ ಕಿಟಕಿಯ ಹತ್ತಿರ ಇಡಬೇಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಣ ಚಮಚ, ಕತ್ತಲೆ ಕಪಾಟು ಸಾಕು. ಮಳೆಗಾಲದಲ್ಲಿ ನಾನು ಫ್ರಿಜ್ಜಿಗೆ ಸೇರಿಸುತ್ತೇನೆ.

ಗೆಳತಿಗೆ ಒಂದು ಪೊಟ್ಟಣ ಕಳಿಸಿದೆ. ಸಾಸ್ ಆಮೇಲೆ ಮಾಡು, ಮೊದಲು ಪಾಪ್‌ಕಾರ್ನ್ ಮಾಡು ಅಂದೆ. ಸಿಡಿದ ಜೋಳಕ್ಕೆ ಒಂದು ಚಮಚ ಬಿಸಿ ಎಣ್ಣೆ ಸವರಬೇಕು, ಇಲ್ಲದಿದ್ದರೆ ಚಕ್ಕೆ ಅಂಟುವುದಿಲ್ಲ, ಎಲ್ಲ ಪಾತ್ರೆಯ ತಳಕ್ಕೆ ಹೋಗುತ್ತದೆ. ಆಮೇಲೆ ಉಪ್ಪು, ಚೂರು ಕಾಳುಮೆಣಸು, ಎರಡು ಚಮಚ ಯೀಸ್ಟ್ ಹಾಕಿ ಮುಚ್ಚಿ ಕುಲುಕಬೇಕು. ಅವಳು ಅವತ್ತೇ ಸಂಜೆ ಫೋನ್ ಮಾಡಿದಳು. ಮಗ ಬಟ್ಟಲು ಖಾಲಿ ಮಾಡಿ, ಇದಕ್ಕೆ ಯಾವ ಚೀಸ್ ಹಾಕಿದ್ದೀಯ ಅಂತ ಕೇಳಿದನಂತೆ. "ಆ ಬೇಕರಿ ಯೀಸ್ಟ್ ಇನ್ನೂ ಅರ್ಧ ಉಳಿದಿದೆ, ಅದನ್ನೇನು ಮಾಡ್ಲಿ?" ಅಂದಳು. ಭಾನುವಾರ ಪಾವ್ ಮಾಡು ಅಂದೆ.